ಅರ್ಧ ಗೀರು

ದೊಡ್ಡ ದವಾಖಾನ್ಯಾಗ ಹದಿನಾಲ್ಕನೇ ಖೋಲಿ.
ಅಲ್ಲಿ ಪುಕ್ಕಟೆ ಬೀಡಿ ಬಿಡಸ್ತಾರಂತ ಕೇಳಿ
ಪಾಳಿ ಹಚ್ಚಿ ನಿಂತೆ.
ಹೆಸರು? ಗುಂಡಮ್ಮ.
ಕೆಲಸ? ಶಹಾಬಜಾರದಿಂದ ಕಿರಾಣಾ ಬಜಾರತನ ಕಸಬರಿಗಿ.
ಪೆನ್ನು ಜರಾ ನಿಂತಿತು.
ಕುರ್ಚಿ ಒಂದು ಗೇಣು ಹಿಂದ ಸರೀತು.
ಅಷ್ಟರಾಗೇ ನನಗ ಒಂದು ಬೀಡಿ ನೆನಪಾತು.

ಯಾವಾಗ ಸೇದಬೇಕನಸ್ತದ, ಅಂದ್ರು ಬಾಯಿಯವರು.
ಊಟದ ಮ್ಯಾಲೇನು? ಛಾ ಕುಡದ ಮ್ಯಾಲೇನು?
ಅವರ ಹಾಳಿಯೊಳಗ ಖಾನಿ ಎರಡೇ ಇದ್ವು.
ನಾ ಊಟ ಅಂದೆ.

ನನಗ ಬೀಡಿ ಕಲಿಸಿದಾಕಿ ನಮ್ಮತ್ತಿ ತುಳಜವ್ವ.
ಬುಟ್ಟಿ ಹೊರೂ ಕಾಲ ಅದು.
ಮೂಗಿಗಿ ಸೆರಗು ಕಟಗೊಂಡ್ರ ಮನಿ ಒಡತೇರು ಬೈತಿದ್ರಂತ,
ನಿಮಗ್ಯಾತರ ಹೇಸಿಕಿ ಬೇ, ಅಂತ.
ಬೀಡಿಗಿ ಮಾತ್ರ ಯಾರೂ ಏನೂ ಅಂದಿಲ್ಲ.
ಹೊಗಿಯ ಪರದಾ ಬಿಟಗೊಂಡು
ಹಿತ್ತಲ ಕಿಂಡಿಗಿ ಬಗ್ಗತಿದ್ಳು ಆಕಿ.
ನನ್ನ ಕೈಯಾನ ಅರಿಶಿಣ ಇನ್ನಾ ಹೋಗಿರಲಿಲ್ಲ,
ತಾನೇ ಹಚ್ಚಿ ತುಟಿಗಿಟ್ಳು,
ಕೆಮ್ಮು ಬಂದ್ರೂ ಬಿಡಬ್ಯಾಡ ಅಂದ್ಳು.
ನಲವತ್ತು ವರ್ಷ ಆಕಿ ಮಾತು ಮೀರಿಲ್ಲ.

ಮೂಲಿಯ ಛಾದಂಗಡ್ಯಾಂವ
ಕಾಗದದ ಲೋಟ ಕಟ್ಟಿ ಮ್ಯಾಲಿಟ್ಟು ದೂರ ಸರೀತಾನ.
ಕಡ್ಡಿಪೆಟಗಿ ಕೇಳಿದ್ರ ನೆಲಕ್ಕ ಒಗೀತಾನ.
ಬಗ್ಗಿ ತಗೋಬೇಕು. ಬಗ್ಗೂದೇನು, ರೂಢಿ.
ಬೆಂಕಿಗಿ ಮೈಲಿಗಿ ಇಲ್ಲಂತಾರ;
ಪೆಟಗಿಗಿ ಅದ.

ಬಿಡೂದಕ್ಕ ಕಾರಣ ಮೊಮ್ಮಗಳು, ಆಮ್ರಪಾಲಿ.
ಸಾಲಿಗಿ ಕರೆಸಿ ಅಂದ್ರು:
ಹುಡುಗಿ ಅರಿವ್ಯಾಗ ಬೀಡಿ ವಾಸನಿ, ಬಾಜೂದ ಮಕ್ಕಳು ಕುಂದ್ರವಲ್ವು,
ಅದಕ್ಕ ಕಡೀಕ ಕುಂದ್ರಸೀವಿ.
ಖರೇ ಇರಬೇಕು ಅನಕೊಂಡೆ.
ಆವತ್ತೇ ಕಟ್ಟು ಮೋರಿಗಿ ಒಗದೆ.
ಮೋರಿಯೂ ನಾನೇ ಬಳೀಬೇಕು, ಮಾತು ಬ್ಯಾರೆ.

ಮುಂಜಾನೆದ್ದು ಖಡುವಿನ ತುಂಡಿಲೆ
ಬಾಗಿಲ ಮ್ಯಾಲ ಒಂದೊಂದು ಗೀರು ಎಳೀತಿತ್ತು ಕೂಸು.
ಒಂದು ವಾರ ಕೈ ನಡುಗಿದ್ವು.
ಗಟಾರ ಬಳಿಯೂವಾಗ ಹೊಗಿಯ ಪರದಾ ಇಲ್ಲ,
ಸತ್ತ ಇಲಿ, ಕೊಳತ ಉಳ್ಳಾಗಡ್ಡಿ, ಕೂಸಿನ ಹೇಲು,
ಎಲ್ಲಾ ಒಮ್ಮೆಲೇ ಎದಿಯೊಳಗ ಹೊಕ್ಕವು.
ಯಲಕ್ಕಿ ಜಗೀರಿ ಅಂದಿದ್ರು ಬಾಯಿಯವರು.
ಯಲಕ್ಕಿ ಯಾವ ಭಾವದಾಗ ಸಿಗತಾವ ಅಂತ
ಆ ಹಾಳ್ಯಾಗ ಖಾನಿ ಇರಲಿಲ್ಲ.
ಬಡಸೋಪು ಜಗದೆ.
ಹುಡುಗಿ ಲಂಗ ಲಿಂಬಿಹಣ್ಣಿನ ಸಿಪ್ಪಿ ಹಾಕಿ ಎರಡೆರಡು ಸಲ ಒಗದೆ.
ಹತ್ತೊಂಬತ್ತು ಗೀರು.

ಇಪ್ಪತ್ತನೇ ದಿನ ಮಧ್ಯಾಹ್ನ ಊಟದ ಹೊತ್ತಿಗಿ
ಅದು ಮರತ ನೋಟಬುಕ್ಕು ಕೊಡಲಿಕ್ಕ ಸಾಲಿಗಿ ಹೋದೆ.
ಸಾಲು ಹಿಡದು ಕುಂತಿದ್ವು ಮಕ್ಕಳು.
ಒಂದು ಮಾರು ಬಿಟ್ಟು, ಬಾಗಿಲ ಬಾಜೂಕ, ನನ್ನ ಹುಡುಗಿ.
ಸಾರು ಹಾಕುವಾಕಿ ಸೌಟು ಮ್ಯಾಲಿಂದೇ ಬಗ್ಗಸಿದ್ಳು.
ನಾ ಬೀಡಿ ಬಿಟ್ಟೀನ್ರಿ, ಅಂದೆ.
ಟೀಚರ್ ನನ್ನ ಮಾರಿ ನೋಡಲಿಲ್ಲ.
ಏನು ಮಾಡೂದವ್ವ, ಮಕ್ಕಳು ಇನ್ನಾ ವಾಸನಿ ಅಂತಾವ.

ನಾ ನನ್ನ ಕೈ ಮೂಸಿ ನೋಡಿಕೊಂಡೆ.
ಸಾಬಾಣು. ಲಿಂಬಿಹಣ್ಣು.
ಬ್ಯಾರೆ ಏನೂ ಇಲ್ಲ.

ಆವತ್ತು ಛಾದಂಗಡಿ ಮುಂದ
ಪೆಟಗಿ ನೆಲಕ್ಕ ಬಿತ್ತು.
ಬಗ್ಗಿದೆ.

ಮರುದಿನ ಮುಂಜಾನೆ ಖಡು ಹಿಡಕೊಂಡು ನಿಂತಿತ್ತು ಕೂಸು.
ಗೀರು ಹೊಡೀಲೇನು ಆಯಿ?
ಸುಳ್ಳು ಹೇಳಬಹುದಿತ್ತು.
ಅರ್ಧ ಸೇದೀನಿ ತಾಯಿ, ಅಂದೆ.
ಹೊತ್ತು ಯೋಚನಿ ಮಾಡಿ
ಬಾಗಿಲ ಮ್ಯಾಲ ಅರ್ಧ ಗೀರು ಎಳೀತು.
ಸಾಲಿಚೀಲ ಹೆಗಲಿಗೇರಿಸಿಕೊಂಡು
ಆ ಬಾಗಿಲ ಬಾಜೂಕ ಕುಂದ್ರಲಿಕ್ಕ ಹೋತು.

ಬಾಯಿಯವರು ಚೀಟಿ ಮ್ಯಾಲ ಬರದಾರ: ಮನಸು ಗಟ್ಟಿ ಇಲ್ಲ.
ಇರಬಹುದು.
ಉಳದ ಅರ್ಧ ಬೀಡಿ
ಕಸದ ಗಾಡಿಗಿ ಒಗದೀನೊ, ಇನ್ನಾ ಕಿವಿ ಹಿಂದೇ ಅದನೊ,
ಕೈ ಹಚ್ಚಿ ನೋಡಿಲ್ಲ.