ಹಿಂಜೂದು

ಅಂಗಡಿ ಮ್ಯಾಲಿನ ಖೋಲಿಯೊಳಗ
ನಾಕೂ ಮೂಲಿಗೆ ಗಾದಿ ನಿಲ್ಲಿಸೇನಿ.
ದಪ್ಪ ದನಿ ಮೂಲಿ ಹಿಡದು ಕುಂಡ್ರತೈತಿ,
ಸಿಟ್ಟು ಮಾಡಿದ ಬೀಗರಂಗ,
ಏಳ್ರೀ ಅಂದ್ರ ಏಳೂದಿಲ್ಲ.
ಅದನ್ನ ಅರಳೀನ ಹೀರಬೇಕು.
ಇದಕ್ಕಂತ ರೊಕ್ಕಾ ಕೊಟ್ಟು ಫೋಮ್ ತರಸ್ತಾರಂತ ಮಂದಿ.
ನಮ್ಮಲ್ಲಿ ಅದು ಮಾರಾಕ ಇಟ್ಟ ಮಾಲು.

ಕೆಳಗ ಬೋರ್ಡು:
ದಾವಲಸಾಬ ನದಾಫ, ಗಾದಿ, ತಲೆದಿಂಬು,
ಹಳೇ ಅರಳೆ ಹಿಂಜಿ ಕೊಡಲಾಗುವುದು.
ಬೋರ್ಡಿನ್ಯಾಗಿರೂದು ಅಜ್ಜ.
ಗಂಟಿಕೇರಿಯಿಂದ ಹೊಂಟ್ರ ಅಂವ ಕೂಗತಿದ್ದಿಲ್ಲ.
ಹೆಗಲ ಮ್ಯಾಲಿನ ಬಿಲ್ಲಿಗೆ ಕೊಡತಿ ಒಂದು ಬಡದ್ರ
ಧುಂಯ್
ಎರಡು ಓಣಿ ಮುಂದ ಹೋಗಿ ದನಿ ಬಾಗಲಾ ತಗಸತಿತ್ತು.
ಸಣ್ಣ ದನಿ ಗ್ವಾಡಿ ಕಂಡ್ರ ಹೊಳ್ಳಿ ಬರತೈತಿ,
ದಪ್ಪ ದನಿಗೆ ಗ್ವಾಡೀನ ಗೊತ್ತಿಲ್ಲ.
ಇದನ್ನ ಅಂವ ಸಾಲ್ಯಾಗ ಕಲೀಲಿಲ್ಲ.
ನಾ ಫಿಜಿಕ್ಸಿನ್ಯಾಗ ಎರಡು ಸಲ ಕುಂತು ಕಲತೆ.

ಈಗ ಹಿಂಜೂದು ಮಶೀನು, ಮೂರು ಎಚ್‌ಪಿ.
ಗೂಟಕ್ಕ ಅಜ್ಜನ ಬಿಲ್ಲು,
ಅದರ ಬಾಜೂಕ ತಂತಿಗೆ ಚುಚ್ಚಿದ್ದು ಹೆಸ್ಕಾಂ ಬಿಲ್ಲು.

ಒಂದು ರವಿವಾರ ಗೂಟದ್ದು ಇಳಿಸಿದೆ.
ಮೈಕು ಅದರ ಹೊಟ್ಟಿಗೆ ಹಚ್ಚಿ ಬಡದೆ.
ನರ ಸಡ್ಲ ಆಗಿತ್ತು.
ಧುಂಯ್ ಬರಲಿಲ್ಲ,
ಮುದಕ ಮಗ್ಗಲಾ ಬದಲಿಸಿದಂಗ ಒಂದು ಹೂಂ.
ಅದನ್ನ ಎರಡು ಸಪ್ತಕ ಕೆಳಗ ಇಳಿಸಿದೆ,
ಮ್ಯಾಲಿಂದೆಲ್ಲಾ ಕೊಯ್ದು ಒಗದೆ.
ಉಳದದ್ದು ಬರೇ ನಲವತ್ತು ಹರ್ಟ್ಜ್.
ನನ್ನ ಸಣ್ಣ ಸ್ಪೀಕರಿನ್ಯಾಗ ಅದು ಕೇಳೂದ ಇಲ್ಲ ಅಂದ್ರ ನಡೀತೈತಿ,
ಆದ್ರ ಟೇಬಲ್ ಮ್ಯಾಲಿನ ದಬ್ಬಣ
ಸರಕೋತ ಸರಕೋತ ಹೋಗಿ ಕೆಳಗ ಬೀಳತೈತಿ.

ಕಿಕ್ಕು ಬಂದಾಗ ಬಾಸು ತಗ್ಗಬೇಕು.
ಕೊಡತಿ ಬಂದಾಗ ನರ ತಗ್ಗತೈತಲ್ಲ, ಹಂಗ.
ತಗ್ಗಿ, ತಿರುಗಿ ತುಂಬಿಕೋಬೇಕು.
ಈ ಒಂದು ಉಸರಿಗೆ ನನಗ ಹನ್ನೊಂದು ರಾತ್ರಿ ಹಿಡೀತು.

ಹಳೇ ಗಾದಿ ಬಿಚ್ಚಿದ್ರ ಒಳಗ
ಹುಣಸೀಬೀಜ, ಗುಂಡುಪಿನ್ನು, ಹತ್ತು ಪೈಸೆ,
ಯಾರದೋ ಹಾಲಹಲ್ಲು.
ಎಲ್ಲಾ ಡಾಲ್ಡಾ ಡಬ್ಬಿಗೆ ಹಾಕಿ ಅಳ್ಳಾಡಿಸಿದ್ರ
ನನ್ನ ಹೈ-ಹ್ಯಾಟು.

ನಿಮಿಷಕ್ಕ ನೂರಾ ಮೂವತ್ತೆರಡು ಪೆಟ್ಟು ಇಟ್ಟೇನಿ.
ಅಜ್ಜನ ಕೈ ಅಷ್ಟು ಓಡತಿತ್ತೇನು?
ಕೇಳಿದ್ದಕ್ಕ ಅಪ್ಪ ಗಾಳ್ಯಾಗ ಬಡದು ತೋರಿಸಿದ.
ಎಣಿಸಿದೆ: ತೊಂಬತ್ತಾರು.
"ಊಟದ ಹೊತ್ತಾದ್ರ ಇನ್ನಷ್ಟು ಜೋರು" ಅಂದ.

ಅವತ್ತ ಸಂಜೀಕ ಟೊಪ್ಪಿಗಿ ಮ್ಯಾಲ ಹೆಡ್‌ಫೋನ್ ಹಾಕ್ಕೊಂಡು
ಒಂಬತ್ತು ನಿಮಿಷ ಕುಂತ,
ಗಿರಾಕಿ ತಂದ ಅರಳಿ ನೋಡೂ ಮಾರಿ ಮಾಡಿ.
"ಹಾಡು ಯಾವಾಗ ಶುರು ಆಗತೈತಿ?"
"ಹಾಡಿಲ್ಲಪ್ಪಾ. ಇಷ್ಟ."
"ಹಂಗಂದ್ರ ಬರೇ ಹಿಂಜೂದು."
"ಹೂಂ."
ಹೆಡ್‌ಫೋನ್ ತಗದು ವಾಯರ್ ಸುತ್ತಿ ಇಟ್ಟ.
"ಒಂಬತ್ತು ನಿಮಿಷಕ್ಕ ಅರಳಿ ಬಿಡೂದಿಲ್ಲ."

ಹದಿನಾಕು ಮಾಡಿದೆ.

ಮದವಿ ತಿಂಗಳು ಬಂತು.
ಕುಂದಗೋಳದ ಮಂದಿ ಟೆಂಪೋ ತಂದು
ನಾಕೂ ಮೂಲಿ ಕಟ್ಟಿಕೊಂಡು ಹೋದ್ರು.
ಬರೇ ಖೋಲಿಯೊಳಗ ಹಚ್ಚಿದ್ರ
ಬಾಸು ಗ್ವಾಡಿಗೆ ಗುದ್ದಿ, ಹೊಳ್ಳಿ ಬಂದು,
ಇನ್ನೊಂದು ಬಾಸಿನ ಕೂಡ ಜಗಳಾ ತಗೀತು.
ಮಿಕ್ಸು ಎಲ್ಲಾ ಕೆಟ್ಟು ಹೋತು.
ಸ್ಪೀಕರ್ ಬಂದ್ ಮಾಡಿ ಕುಂತೆ.
ಮೂರು ತಿಂಗಳು ಹಗಲು ರಾತ್ರಿ ಕುಡಸಿದ ನಲವತ್ತು ಹರ್ಟ್ಜಿನ ಮ್ಯಾಲ
ಯಾರೋ ಹೊಸಾ ಗಂಡ ಹೆಂಡತಿ
ಏನೂ ಗೊತ್ತಿಲ್ಲದ ಮಲಕೊಂಡಾರ.

ವಾರದಾಗ ಕುಂದಗೋಳದಿಂದ ಫೋನು.
ಮೂರು ಚೊಲೋ ಅದಾವ್ರಿ,
ಒಂದು ಮಾತ್ರ ಬಿರಸು.

ಫೋನಿನ ಮ್ಯಾಲ ಕೈ ಇಟ್ಟು ಅಪ್ಪ ನನ್ನ ನೋಡಿದ.
"ಯಾವ ಮೂಲೀದು?"
ಕಿಡಕಿ ಕಡೀದು, ಅಂದೆ,
ಎಲ್ಲಾಕಿಂತ ಹೆಚ್ಚು ಕುಡದಿತ್ತು ಅದು.