ಗೋಡೆಯಾಚೆ

ನಾನು ಅವನ ಆಟ ನೋಡಿದವಳಲ್ಲ.
ನಾಲ್ಕನೇ ಗೇಟಿನ ಹೊರಗೆ, ಗೋಡೆಗೆ ಬೆನ್ನು ಕೊಟ್ಟು
ಉಪ್ಪುನೀರಲ್ಲಿ ನೆನೆದ ತ್ರೆಮೋಸು ಕಾಳು ಮಾರುತ್ತಿದ್ದೆ
ಹದಿನಾಲ್ಕು ವರ್ಷ, ಅವನು ಆಡಿದಷ್ಟೂ ವರ್ಷ.
ನನ್ನ ಪಾಲಿಗೆ ಬರುತ್ತಿದ್ದದ್ದು ಸದ್ದು ಮಾತ್ರ:
ಗೋಲಾದರೆ ಗೋಡೆ ಬೆನ್ನಿಗೆ ಗುದ್ದುತ್ತಿತ್ತು,
ತಪ್ಪಿದರೆ ಊರಿಗೆ ಊರೇ ಉಸಿರು ಬಿಟ್ಟ ಹಾಗೆ.
ಬೆಲ್ಮಿರೊ ಕಾಲಿಗೆ ಚೆಂಡು ಬಂತೆಂದರೆ
ಇನ್ನೊಂದು ಸದ್ದು,
ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಲ್ಲಿ
ಏಳುತ್ತದಲ್ಲ, ಅಂಥದ್ದು.

ಹಾಗಂತ ಗೋಲಿನ ಸರದಾರನೇನಲ್ಲ.
ಎಡಗಡೆಯ ಬ್ಯಾಕು.
ಹದಿನಾಲ್ಕು ವರ್ಷಕ್ಕೆ ಐದು ಗೋಲು,
ಅದರಲ್ಲಿ ಒಂದು ನಮ್ಮದೇ ಬಲೆಗೆ.

ಝೆಫೆರಿನೊನ ಹೆಂಡದಂಗಡಿಯಲ್ಲಿ ಕೇಳಿ ನೋಡಿ:
ಇಪ್ಪತ್ತು ಮೀಟರಿನಿಂದ ಹೊಡೆದ ಒಂದು ಗೋಲು
ವರ್ಷಕ್ಕೊಂದು ಮೀಟರು ಹಿಂದೆ ಸರಿದು ಸರಿದು
ಈಗ ನಡುಗೆರೆ ದಾಟಿದೆ.
ಇನ್ನಷ್ಟು ವರ್ಷ ತಡೆಯಿರಿ,
ನನ್ನ ಕಾಳಿನ ಬುಟ್ಟಿಯ ಪಕ್ಕದಿಂದಲೇ ಹೊಡೆದಿರುತ್ತಾನೆ.
ಅವತ್ತು ಜಡಿಮಳೆ ಅಂತಾರೆ.
ಮಳೆಯಿದ್ದರೆ ನಾನು ಬುಟ್ಟಿ ಹೊರುತ್ತಲೇ ಇರಲಿಲ್ಲ.
ಕ್ಷೌರದ ಆದೆರಿತೊ ಹೇಳುವುದು ನಿಯತ್ತಿನ ಮಾತು:
ಲಿಸ್ಬನ್ನಿನ ಕ್ಲಬ್ಬು ಕಾರು ಕಳಿಸಿದರೂ ಇವನು ಹತ್ತಲಿಲ್ಲವಂತೆ.
ಕಾರು ಬಂದದ್ದು ನಿಜ.
ಅದು ಭೂತಾಯಿ ಮೀನಿನ ಸಗಟು ವ್ಯಾಪಾರಿಯದು.

ಊರಬಾಯಿಗೆ ನಾನು ಅಡ್ಡ ಬರುವುದಿಲ್ಲ.
ನನ್ನ ಲೆಕ್ಕ ಬೇರೆ ಇದೆ.

ನಾವು ಕೆಳಗಿನ ಡಿವಿಷನ್ನಿಗೆ ಬಿದ್ದ ಭಾನುವಾರ
ಕೊನೆಯ ನಿಮಿಷದ ಪೆನಾಲ್ಟಿ ಅವನದು.
ಹಾಲಿನ ಸದ್ದು ಕೇಳಿದೆ. ಉಕ್ಕಲಿಲ್ಲ.
ಆಮೇಲೆ ಉಸಿರೂ ಇಲ್ಲ,
ಬುಟ್ಟಿಯಿಂದ ಉಪ್ಪುನೀರು ತೊಟ್ಟಿಕ್ಕುವುದಷ್ಟೇ.
ಆ ರಾತ್ರಿ ಯಾರೋ ಅವನ ಬಾಗಿಲಿಗೆ
ಮೀನಿನ ಕರುಳು ಬಳಿದರು.

ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ.
ಬೆಳಿಗ್ಗೆ ಆರೂವರೆಗೆ ಅವನು ಸೇರಿದ್ದು
ಕ್ಲೊತಿಲ್ದೆಯ ಬೇಕರಿಯ ಸಾಲು.
ಅವನು ಹನ್ನೊಂದನೆಯವನು. ನಾನು ಹನ್ನೆರಡನೆಯವಳು.
ಹಿಂದಿನ ಓಣಿಯಿತ್ತು, ಹೆಂಡತಿಯನ್ನು ಕಳಿಸಬಹುದಿತ್ತು,
ಒಂದು ದಿನ ರೊಟ್ಟಿಯಿಲ್ಲದೆ ಯಾರೂ ಸಾಯುವುದಿಲ್ಲ.
ಕತ್ತಿನ ಹಿಂದೆ ಒದ್ದೆ ಕೂದಲು. ತೋಳು ಇನ್ನೂ ಮಡಚಿದ ಅಂಗಿ.
ಮುಂದಿನಿಂದ ಒಬ್ಬ ಬಾಯಿಗೆ ಬಂದದ್ದು ಅಂದ.
"ಹೌದು, ಬಲಕ್ಕೆ ಹೊಡೆಯಬೇಕಿತ್ತು" ಎಂದ ಇವನು.
ಇನ್ನೊಬ್ಬ ಇವನ ತಾಯಿಯನ್ನು ಎಳೆತಂದ.
ಅದಕ್ಕೆ ಮಾತ್ರ ತಲೆಯೆತ್ತಿ ನೋಡಿದ,
ಅವನು ನೆಲ ನೋಡುವ ತನಕ.
ಸಾಲು ಸರಿಯಿತು.
ಆರು ಬನ್ನು ಕೊಂಡ, ಚಿಲ್ಲರೆ ಎಣಿಸಿದ, ಹೋದ.
ಮರುದಿನ ಬಂದ. ಬುಧವಾರ ಬಂದ.
ಶನಿವಾರದ ಹೊತ್ತಿಗೆ ಅದೇ ಬಾಯಿ ಕೇಳಿತು,
ಮೊಣಕಾಲು ಹೇಗಿದೆ?

ಈಗ ಅವನ ಆಟ ನೋಡದ ಹುಡುಗರು
ನಾನು ಬೆನ್ನು ಕೊಡುವ ಅದೇ ಗೋಡೆಗೆ
ಆಳೆತ್ತರ ಅವನ ಹೆಸರು ಬರೆದಿದ್ದಾರೆ,
ನೀಲಿಯಲ್ಲಿ, ಒಂದಕ್ಷರ ತಪ್ಪಾಗಿ.
ಸಂಜೆ ನಾಯಿ ಹಿಡಿದು ಅದರ ಮುಂದೆಯೇ ಹೋಗುತ್ತಾನೆ.
ನಾಯಿ ಅಲ್ಲೇ ಕಾಲೆತ್ತುತ್ತದೆ, ಇವನು ಕಾಯುತ್ತಾನೆ.

ಮೊನ್ನೆ ಕಾಳಿಗೆ ನಿಂತ. ನನಗೂ ವಯಸ್ಸಾಯಿತು,
ಗಂಡ ಮಣ್ಣಾಗಿ ಒಂಬತ್ತು ವರ್ಷ, ಕೇಳಿಯೇಬಿಟ್ಟೆ:
ಅವತ್ತು ಬಾಗಿಲಿಗೆ ಬಳಿದವರು ಯಾರು, ಗೊತ್ತೆ?

ಸಿಪ್ಪೆಯನ್ನು ಹಲ್ಲಲ್ಲಿ ಬಿಡಿಸಿ ಉಗಿದ.
"ಬೇಕರಿ ಸಾಲಿನಲ್ಲಿ ಇಬ್ಬರ ಕೈಯೂ ನಾರುತ್ತಿತ್ತಲ್ಲ, ಎರ್ಮೆಲಿಂದಾ.
ನಾನು ಬಾಗಿಲು ತೊಳೆದಿದ್ದೆ,
ನೀನು ಅವನ ಅಂಗಿ."

ಆಮೇಲೆ ಪೊಟ್ಟಣ ಮುಂದೆ ಚಾಚಿ,
"ಇನ್ನೊಂದು ಹಿಡಿ ಹಾಕು" ಎಂದ.