ಹದಿನಾಲ್ಕನೇ ನಂಬರಿನ ಅಂಗಿ

ಹದಿಮೂರು ಆಟ ಮುಗಿಯಿತು.
ಗೆದ್ದದ್ದು ಎರಡು, ಸಮ ನಾಲ್ಕು, ಉಳಿದದ್ದು ಕೇಳಬೇಡಿ.
ಹನ್ನೆರಡು ತಂಡಗಳಲ್ಲಿ ನಮ್ಮ ಅಲ್ ಶಿರಾ ಹನ್ನೊಂದನೆಯದು.
ಶಿರಾ, ಅಂದರೆ ತಿನ್ನುವ ಶಿರಾ ಅಲ್ಲ,
ಅರಬಿಯಲ್ಲಿ ಹಾಯಿ.
ಗಾಳಿಯೇ ಬೀಸದ ವರ್ಷ ಇದು.

ನಮ್ಮ ಎಂದೆನೇ? ಹೌದು, ನಮ್ಮದೇ.
ಶುಕ್ರವಾರ ರಾತ್ರಿ ಆಟವಾದರೆ ಶನಿವಾರ ಬೆಳಿಗ್ಗೆ
ಖಲ್ಫಾನ್ ಮುದುಕನ ಪಿಕಪ್ಪು
ಲಾಂಡ್ರಿಯ ಬಾಗಿಲಿಗೆ ಹಿಂದುಹಿಂದಾಗಿ ಬಂದು ನಿಲ್ಲುತ್ತದೆ.
ಎರಡು ಚೀಲ, ಇಪ್ಪತ್ತು ಅಂಗಿ, ಅಷ್ಟೇ ಚಡ್ಡಿ,
ಕಾಲುಚೀಲಕ್ಕೆ ಲೆಕ್ಕವಿಲ್ಲ.
ಗೆದ್ದ ವಾರ ಇಳಿದು ಬಂದು ಖರ್ಜೂರ ಕೊಟ್ಟು ಕಾವಾ ಕುಡಿಸುತ್ತಾನೆ.
ಸೆಪ್ಟೆಂಬರಿನಿಂದ ಎರಡು ಸಲ ಕುಡಿದಿದ್ದೇನೆ.
ಸೋತ ವಾರ ಹಾರ್ನು ಮಾತ್ರ.

ನನ್ನ ಅಜ್ಜಿ ಗಂಗೊಳ್ಳಿಯಲ್ಲಿ
ಮೂವತ್ತು ಮನೆಯ ಮೈಲಿಗೆ ಒಗೆದವಳು,
ಕೇರುಬೀಜದ ಮಸಿಯಲ್ಲಿ ಮನೆಗೊಂದು ಗುರುತು ಹಾಕಿದವಳು.
ಬಾಯಿ ಸುಳ್ಳಾಡೀತು ಮಗಾ, ಬಟ್ಟೆ ಆಡುವುದಿಲ್ಲ, ಎನ್ನುತ್ತಿದ್ದಳು.
ಅರಬಿ ಪೇಪರು ಓದಲು ಬಾರದ ನಾನು
ಈ ವರ್ಷವನ್ನು ಕಲೆಗಳಲ್ಲೇ ಓದಿದ್ದೇನೆ.

ಗೋಲಿ ಹಿಲಾಲನ ಎರಡೂ ಮೊಣಕೈ ಹರಿದಿವೆ:
ಹಾರಿದ್ದಾನೆ, ಗೇಣುದ್ದ ಸಾಲದೆ ಹೋಗಿದೆ.
ದುಡ್ಡು ಸುರಿದು ತಂದ ಹತ್ತನೆಯವನ ಅಂಗಿಗೆ
ಅತ್ತರಿನ ಘಮ, ಬೆವರಿಲ್ಲ.
ಅದನ್ನು ತಣ್ಣೀರಲ್ಲಿ ಅದ್ದಿ ತೆಗೆದೆ, ಸೋಪು ದಂಡ.
ಸಲಾಲಾದಲ್ಲಿ ಐದು ತಿಂದು ಬಂದ ವಾರ
ಚೀಲ ಬಿಚ್ಚಿದರೆ ಬಸ್ಸಿನ ವಾಂತಿ, ನೋವಿನ ಮುಲಾಮು,
ಯಾರದೋ ಜೇಬಿಲ್ಲದ ಚಡ್ಡಿಯಲ್ಲಿ ಸಿಕ್ಕಿಕೊಂಡ ಜಪಮಣಿ.

ಹದಿನಾಲ್ಕು ಮಾತ್ರ ಬಂದ ಹಾಗೇ ಹೋಗುತ್ತಿತ್ತು.
ಅಂಗಿಗೆ ನನ್ನದೇ ಇಸ್ತ್ರಿಯ ಗೆರೆ,
ಚಡ್ಡಿಗೆ ಬೆಂಚಿನ ಧೂಳು.
ಮುಸಲ್ಲಮ್, ಬಲೆ ಹೆಣೆಯುವವನ ಮಗ, ಹತ್ತೊಂಬತ್ತು ವರ್ಷ,
ಹನ್ನೆರಡು ಆಟ ಕೂತು ಉಳಿದವರಿಗೆ ನೀರಿನ ಬಾಟಲಿ ಎಸೆದವನು.
ಆದರೂ ವಾರವಾರ ಒಗೆದೆ.
ಮೈಲಿಗೆಯಾಗದ್ದನ್ನು ಮಡಿ ಮಾಡುವುದೂ ಒಂದು ಕೆಲಸವೇ.

ರೂಮಿನ ಶಿಹಾಬು ಮಂಚದಲ್ಲಿ ಮಲಗಿ
ಮೊಬೈಲಿನಲ್ಲಿ ಮ್ಯಾಡ್ರಿಡ್ ನೋಡುತ್ತಾನೆ.
ಪ್ರಪಂಚದಲ್ಲಿ ಬೇರೆ ಟೀಮು ಸಿಗಲಿಲ್ಲವಾ ಸಂಜೀವಣ್ಣ, ಎನ್ನುತ್ತಾನೆ.
ತನ್ನ ಟೀಮಿನ ಒಂದು ಚಡ್ಡಿಯನ್ನಾದರೂ ಹಿಂಡಿದ್ದಾನೆಯೇ ಆ ಪುಣ್ಯಾತ್ಮ?

ಈ ಊರಿನ ಹೆಸರು ಸೂರ್.
ಮೈದಾನದ ಮೆಟ್ಟಿಲಿಗೆ ಸೂರಿಲ್ಲ.
ಈ ಮಾತಿಗೆ ನಗಲು ಇಲ್ಲಿ ಇನ್ನೊಬ್ಬನಿಲ್ಲ,
ಒಬ್ಬನೇ ನಕ್ಕು ಕೂರುತ್ತೇನೆ.
ಬಿಸಿ ಇಳಿಯದ ಸಿಮೆಂಟು, ಇನ್ನೂರು ಬೈಸಾದ ಚಹಾ,
ಹಡಗು ಕಟ್ಟುವ ಕಡೆಯಿಂದ ಮೀನೆಣ್ಣೆಯ ಗಾಳಿ,
ನೂರೈವತ್ತು ಜನ. ಸೋತ ಹಾಗೆಲ್ಲ ನೂರಿಪ್ಪತ್ತು.

ನಿನ್ನೆ ಒಂದಕ್ಕೆ ಮೂರು.
ಎಂಬತ್ತನೇ ನಿಮಿಷ, ಇನ್ನು ಕಳೆಯಲು ಏನೂ ಇಲ್ಲ ಎಂದಾದ ಮೇಲೆ
ಹದಿನಾಲ್ಕರ ಫಲಕ ಎತ್ತಿದರು.
ಹುಡುಗನಿಗೆ ಚೆಂಡು ಸಿಕ್ಕಿದ್ದು ನಾಲ್ಕು ಸಲ.
ಮೂರು ಸಲ ಕಳಕೊಂಡ.
ನಾಲ್ಕನೆಯದು ಗೆರೆ ದಾಟುತ್ತಿತ್ತು, ಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ,
ಬಿದ್ದು, ಜಾರಿ, ಒಂದು ಮೊಳ ಒಳಗೆ ಉಳಿಸಿಕೊಂಡ.
ಗೋಲೇನಲ್ಲ. ಚೆಂಡು ಉಳಿಯಿತು, ಅಷ್ಟೇ.
ನಾನು ಎದ್ದು ನಿಂತು
ಹೋಗು ಮಾರಾಯಾ, ಹೋಗು! ಎಂದು ಕೂಗಿದೆ.
ಮುಂದಿನ ಸಾಲಿನವರು ತಿರುಗಿ ನೋಡಿದರು,
ಅವರಲ್ಲೊಬ್ಬ ಅದನ್ನೇ ಕೂಗಿದ, ಮಾರಾಯಾ ಸಮೇತ.

ಇವತ್ತು ಬೆಳಿಗ್ಗೆ ಹಾರ್ನು ಮಾತ್ರ.
ಚೀಲದ ತಳದಲ್ಲಿ ಹದಿನಾಲ್ಕು:
ಸೊಂಟದಿಂದ ಕಂಕುಳವರೆಗೆ ಹಸಿರು,
ನಡುವೆ ಗೆರೆಯ ಸುಣ್ಣ.
ಹುಲ್ಲಿನ ಕಲೆಗೆ ವಿನೆಗರು, ಆಮೇಲೆ ಸೋಡಾ, ಹತ್ತು ನಿಮಿಷ.
ನಿನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತು.

ಸಂಜೆ ಮಡಿಚಿ ಕೊಡುವಾಗ ಹೇಳಿದೆ:
ಹೋಗಲಿಲ್ಲ ಖಲ್ಫಾನ್. ಉಜ್ಜಿ ಉಜ್ಜಿ ಸಾಕಾಯಿತು. ಗಟ್ಟಿ ಕಲೆ.
ಮುದುಕ ಟ್ಯೂಬ್‌ಲೈಟಿಗೆ ಹಿಡಿದು ಅಂಗಿ ನೋಡಿದ,
ನನ್ನನ್ನು ನೋಡಿದ,
ಒಂದು ಕಾಲುಚೀಲ ಕಮ್ಮಿ ಇದೆ ಎಂದು ಜಗಳಕ್ಕೆ ನಿಂತ.
ಮೆಷಿನ್ನಿನ ಹಿಂದೆ ಕೈ ಹಾಕಿ ತಡಕಿದೆವು ಇಬ್ಬರೂ.
ಹೋಗುವಾಗ ಪಿಕಪ್ಪಿನಿಂದ ತಲೆ ಹೊರಹಾಕಿ
ಬೆರಳೆತ್ತಿ ತೋರಿಸಿದ:
ಇನ್ನೂ ಒಂಬತ್ತಿವೆ.